ಡೈರೆಕ್ಟರಿ ವೃಕ್ಷದಲ್ಲಿ ಸುತ್ತಾಟ: ಹಳೆಯ ಪಾಠದ ಮರುಪರಿಶೀಲನೆ

ಫಂಕ್ಷನ್ ಒಂದು ತನ್ನನ್ನು ತಾನೇ ಕರೆದುಕೊಳ್ಳುವುದಕ್ಕೆ ರಿಕರ್ಷನ್ ಎನ್ನುತ್ತೇವೆ. ಇದಕ್ಕೆ ತರಗತಿಯಲ್ಲಿ ಸಾಮಾನ್ಯವಾಗಿ ಕೊಡುವ ಉದಾಹರಣೆ ಫ್ಯಾಕ್ಟೋರಿಯಲ್. ಆದರೆ ಫ್ಯಾಕ್ಟೋರಿಯಲ್ ಕಂಡುಹಿಡಿಯಲು ಒಂದು ಲೂಪ್ ಸಾಕು. ರಿಕರ್ಷನ್‌ನ ನಿಜವಾದ ಉಪಯೋಗ ತಿಳಿಯುವುದು ಆಳ ಎಷ್ಟೆಂದು ಮುಂಚಿತವಾಗಿ ಗೊತ್ತಿಲ್ಲದ ಕಡೆ. ಡೈರೆಕ್ಟರಿಯೊಳಗೆ ಡೈರೆಕ್ಟರಿ, ಅದರೊಳಗೆ ಮತ್ತೊಂದು ಡೈರೆಕ್ಟರಿ ಇರುವ ವೃಕ್ಷವನ್ನು ಸುತ್ತುವುದು ಇದಕ್ಕೆ ಒಳ್ಳೆಯ ಉದಾಹರಣೆ.

ಈ ಉದಾಹರಣೆಯ ಪ್ರಸಿದ್ಧ ರೂಪ ಕರ್ನಿಘನ್ ಮತ್ತು ರಿಚಿ ಬರೆದ 'ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್' ಪುಸ್ತಕದ ಎರಡನೆಯ ಆವೃತ್ತಿಯಲ್ಲಿದೆ (1988, 8ನೇ ಅಧ್ಯಾಯ, 6ನೇ ಭಾಗ). ಅಲ್ಲಿ 'ಎಫ್‌ಸೈಜ್' ಎಂಬ ಫಂಕ್ಷನ್ ಕಡತದ ಗಾತ್ರವನ್ನು ಮುದ್ರಿಸುತ್ತದೆ. ಸಿಕ್ಕಿದ್ದು ಡೈರೆಕ್ಟರಿಯಾದರೆ 'ಡಿರ್‌ವಾಕ್' ಎಂಬ ಇನ್ನೊಂದು ಫಂಕ್ಷನ್ನನ್ನು ಕರೆಯುತ್ತದೆ. ಡಿರ್‌ವಾಕ್ ಆ ಡೈರೆಕ್ಟರಿಯ ಪ್ರತಿಯೊಂದು ಹೆಸರಿಗೂ ಮತ್ತೆ ಎಫ್‌ಸೈಜನ್ನು ಕರೆಯುತ್ತದೆ. ಕೆಲವೇ ಸಾಲುಗಳಲ್ಲಿ ಇಡೀ ವೃಕ್ಷದ ಸುತ್ತಾಟ ಮುಗಿಯುತ್ತದೆ.

ಈ ಪ್ರೋಗ್ರಾಮಿನ ಗುಣವನ್ನು ಮೊದಲು ಹೇಳಬೇಕು. ಡಿಸ್ಕಿನ ಮೇಲೆ ಡೈರೆಕ್ಟರಿ ಹೇಗಿದೆ ಎಂಬ ವಿವರವನ್ನು ಲೇಖಕರು ಸುತ್ತಾಟದ ಭಾಗದಿಂದ ಬೇರ್ಪಡಿಸಿದ್ದಾರೆ. ಡೈರೆಕ್ಟರಿಯನ್ನು ನೇರವಾಗಿ ಓದುವಂತೆ ಅವರು ಬರೆದ ಕೆಳಸ್ತರದ ಭಾಗ ಇಂದಿನ ಲಿನಕ್ಸ್‌ನಲ್ಲಿ ಕೆಲಸ ಮಾಡದು. ಡಿರ್‌ವಾಕ್ ಮಾತ್ರ ವ್ಯವಸ್ಥೆಯ ಓಪನ್‌ಡಿರ್, ರೀಡ್‌ಡಿರ್, ಕ್ಲೋಸ್‌ಡಿರ್‌ಗಳೊಡನೆ ಸಣ್ಣ ತಿದ್ದುಪಡಿಯಿಂದ ಇಂದಿಗೂ ನಡೆಯುತ್ತದೆ. ಒಳ್ಳೆಯ ವಿನ್ಯಾಸಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಕ್ಷೇಪವಿರುವುದು, ಅದನ್ನು ಹಾಗೆಯೇ ನಕಲು ಮಾಡಿ ಕಲಿಸುವುದಕ್ಕೆ. ಒಂದು ಪ್ರಯೋಗ ಮಾಡಿ ನೋಡಿ. 1997ರಲ್ಲಿ ಹೊನ್ನಾಳಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಮುಂದೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಇದನ್ನೇ ಕಂಪ್ಯೂಟರಿನಲ್ಲಿ ರಚಿಸಿ. 'ದಾವಣಗೆರೆ' ಡೈರೆಕ್ಟರಿಯೊಳಗೆ 'ಹೊನ್ನಾಳಿ', 'ನ್ಯಾಮತಿ' ಎಂಬ ಎರಡು ಡೈರೆಕ್ಟರಿಗಳಿರಲಿ. ಹಳೆಯ ದಾರಿಯಲ್ಲಿ ಹುಡುಕುವವರಿಗೆ ಅನುಕೂಲವಾಗಲೆಂದು ಹೊನ್ನಾಳಿಯೊಳಗೆ ನ್ಯಾಮತಿಗೆ ಒಂದು ಸಾಂಕೇತಿಕ ಕೊಂಡಿ (ಸಿಂಬಾಲಿಕ್ ಲಿಂಕ್) ಹಾಕಿ. ಹಳೆಯ ದಾಖಲೆ ಸಿಗಲೆಂದು ನ್ಯಾಮತಿಯೊಳಗೆ ಹೊನ್ನಾಳಿಗೂ ಒಂದು ಕೊಂಡಿ ಇರಲಿ.

ಈಗ ಪ್ರೋಗ್ರಾಮನ್ನು ನಡೆಸಿ. ಪುಸ್ತಕದ ಎಫ್‌ಸೈಜ್ ಬಳಸುವುದು 'ಸ್ಟ್ಯಾಟ್' ಕರೆಯನ್ನು. ಸ್ಟ್ಯಾಟ್ ಕೊಂಡಿಯನ್ನು ದಾಟಿ, ಅದು ತೋರುವ ಡೈರೆಕ್ಟರಿಯ ವಿವರವನ್ನೇ ಕೊಡುತ್ತದೆ. ಆದ್ದರಿಂದ ಪ್ರೋಗ್ರಾಮ್ ಹೊನ್ನಾಳಿಯಿಂದ ನ್ಯಾಮತಿಗೆ, ಅಲ್ಲಿಂದ ಮತ್ತೆ ಹೊನ್ನಾಳಿಗೆ ಗಾಣದೆತ್ತಿನಂತೆ ಸುತ್ತುತ್ತದೆ. ಒಂದು ಚುಕ್ಕೆ ಮತ್ತು ಎರಡು ಚುಕ್ಕೆಯ ಹೆಸರುಗಳನ್ನು ಬಿಡದಿದ್ದರೆ ಸುತ್ತು ಮುಗಿಯದೆಂದು ಪುಸ್ತಕ ಎಚ್ಚರಿಸುತ್ತದೆ. ಆದರೆ ಕೊಂಡಿಯಿಂದ ಆಗುವ ಸುತ್ತನ್ನು ಆ ಎಚ್ಚರಿಕೆ ತಡೆಯದು. ದಾರಿಯ ಹೆಸರು ಪ್ರೋಗ್ರಾಮಿನ 1024 ಬೈಟ್‌ಗಳ ಮಿತಿ ಮೀರಿದಾಗಲೋ, ಒಂದೇ ದಾರಿಯಲ್ಲಿ 40ಕ್ಕಿಂತ ಹೆಚ್ಚು ಕೊಂಡಿಗಳನ್ನು ಲಿನಕ್ಸ್ ನಿರಾಕರಿಸಿದಾಗಲೋ ಸುತ್ತು ನಿಲ್ಲುತ್ತದೆ. ಅಷ್ಟರಲ್ಲಿ ಒಂದೇ ಕಡತ ಹತ್ತಾರು ಬಾರಿ ಎಣಿಕೆಯಾಗಿರುತ್ತದೆ. ದೋಷಸಂದೇಶವೇನೋ ಪರದೆಯ ಮೇಲೆ ಬರುತ್ತದೆ. ಆದರೆ ಪ್ರೋಗ್ರಾಮ್ ಕೊನೆಗೆ ಹಿಂತಿರುಗಿಸುವುದು ಸೊನ್ನೆಯನ್ನೇ, ಅಂದರೆ 'ಎಲ್ಲವೂ ಸರಿ' ಎಂದು.

ಎರಡನೆಯ ಆಕ್ಷೇಪ ಕನ್ನಡಿಗರಿಗೆ ಹೆಚ್ಚು ಸಂಬಂಧಿಸಿದ್ದು. ಪುಸ್ತಕದಲ್ಲಿ ಒಂದು ಹೆಸರಿನ ಗರಿಷ್ಠ ಉದ್ದ 14 ಬೈಟ್ ಎಂದಿದೆ. ಅದು ವ್ಯವಸ್ಥೆಯಿಂದ ವ್ಯವಸ್ಥೆಗೆ ಬದಲಾಗುತ್ತದೆಂಬ ಟಿಪ್ಪಣಿಯೂ ಇದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. 'ಹೊನ್ನಾಳಿ' ನಮ್ಮ ಕಣ್ಣಿಗೆ ಮೂರೇ ಅಕ್ಷರ. ಆದರೆ ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆಗಳನ್ನು ಬಿಡಿಸಿ ಎಣಿಸಿದರೆ 8 ಸಂಕೇತ, ಅಂದರೆ 24 ಬೈಟ್! ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಮಿತಿ 255 ಬೈಟ್ ಆದ್ದರಿಂದ 85 ಕನ್ನಡ ಸಂಕೇತಗಳಿಗೆ ಅವಕಾಶವಿದೆ. ದಾರಿಯ ಹೆಸರಿಗೆ 100 ಬೈಟ್ ಸಾಕೆಂದು ಅಳತೆ ಪರೀಕ್ಷಿಸದೆ ಹೆಸರುಗಳನ್ನು ಜೋಡಿಸುವ ವಿದ್ಯಾರ್ಥಿಯ ಪ್ರೋಗ್ರಾಮ್ ಇಂಗ್ಲಿಷ್ ಹೆಸರುಗಳೊಡನೆ ಪಾಸಾಗಿ, ಕನ್ನಡ ಹೆಸರು ಬಂದೊಡನೆ ಸ್ಮೃತಿಯನ್ನು ಕೆಡಿಸುತ್ತದೆ. ಡಿರ್‌ವಾಕ್ ಜೋಡಿಸುವ ಮೊದಲು ಉದ್ದವನ್ನು ಅಳೆಯುತ್ತದೆ. ನಕಲು ಮಾಡುವವರು ಬಿಟ್ಟುಬಿಡುವುದು ಇದೇ ಸಾಲನ್ನು.

ಇನ್ನೊಂದು ವಿಷಯ ತೆರೆದ ಡೈರೆಕ್ಟರಿಗಳದು. ಒಳಗಿನ ಸುತ್ತಾಟ ಮುಗಿಯುವವರೆಗೆ ಹೊರಗಿನ ಡೈರೆಕ್ಟರಿ ಮುಚ್ಚುವುದಿಲ್ಲ. ವೃಕ್ಷ ಎಷ್ಟು ಆಳವೋ ಅಷ್ಟು ಡೈರೆಕ್ಟರಿಗಳು ಒಟ್ಟಿಗೆ ತೆರೆದಿರುತ್ತವೆ. ಫ್ಯಾಕ್ಟೋರಿಯಲ್ ಪಾಠದಲ್ಲಿ ಇಂಥ ಬೆಲೆ ಕಾಣಿಸುವುದೇ ಇಲ್ಲ.

'ಇದು ಕಲಿಕೆಯ ಪ್ರೋಗ್ರಾಮ್ ತಾನೇ, ಇಷ್ಟೇಕೆ?' ಎಂದು ನೀವು ಕೇಳಬಹುದು. ಡಿರ್‌ವಾಕ್‌ಗೆ ಯಾವ ಫಂಕ್ಷನ್ನನ್ನು ಬೇಕಾದರೂ ಕೊಡಬಹುದು. ಅದೇ ಅದರ ಸೊಗಸು. ಗಾತ್ರ ಮುದ್ರಿಸುವ ಬದಲು ಕಡತ ಅಳಿಸುವ ಫಂಕ್ಷನ್ ಕೊಟ್ಟು ನೋಡಿ. ಹೊನ್ನಾಳಿಯನ್ನು ಖಾಲಿ ಮಾಡಲು ಹೊರಟ ಪ್ರೋಗ್ರಾಮ್ ಕೊಂಡಿ ಹಿಡಿದು ನ್ಯಾಮತಿಯನ್ನೂ ಬರಿದು ಮಾಡುತ್ತದೆ. ತಪ್ಪು ಮೊತ್ತವನ್ನು ತಿದ್ದಬಹುದು, ಅಳಿದ ದಾಖಲೆಯನ್ನು ಮರಳಿ ತರುವುದು ಕಷ್ಟ.

ಪರಿಹಾರ ದೊಡ್ಡದಲ್ಲ. ಸ್ಟ್ಯಾಟ್ ಬದಲು 'ಎಲ್‌ಸ್ಟ್ಯಾಟ್' ಬಳಸಿದರೆ ಕೊಂಡಿಯು ಕೊಂಡಿಯಾಗಿಯೇ ಕಾಣುತ್ತದೆ, ಪ್ರೋಗ್ರಾಮ್ ಅದರೊಳಗೆ ಇಳಿಯುವುದಿಲ್ಲ. ಕೊಂಡಿಗಳನ್ನು ದಾಟಲೇಬೇಕಿದ್ದರೆ ಸಾಧನ ಸಂಖ್ಯೆ ಮತ್ತು ಐನೋಡ್ ಸಂಖ್ಯೆಗಳ ಜೋಡಿಯನ್ನು ಗುರುತಿಟ್ಟುಕೊಂಡು, ಕಂಡ ಡೈರೆಕ್ಟರಿಯನ್ನು ಮತ್ತೆ ಹೊಗದಂತೆ ನೋಡಿಕೊಳ್ಳಬೇಕು. ಪೋಸಿಕ್ಸ್ ಮಾನಕದ 'ಎನ್‌ಎಫ್‌ಟಿಡಬ್ಲ್ಯು' ಫಂಕ್ಷನ್‌ಗೆ ಕೊಂಡಿಗಳನ್ನು ಹಿಂಬಾಲಿಸಬೇಡವೆಂದೂ, ಒಟ್ಟಿಗೆ ಎಷ್ಟು ಡೈರೆಕ್ಟರಿಗಳನ್ನು ತೆರೆದಿಡಬಹುದೆಂದೂ ಹೇಳಬಹುದು. ನಿತ್ಯದ ಕೆಲಸಕ್ಕೆ ಅದೇ ಸಾಕು.

ಹಾಗೆಂದು ಡಿರ್‌ವಾಕ್ ಪಾಠವನ್ನು ಕೈಬಿಡಬೇಕಿಲ್ಲ. ಶಿಕ್ಷಕರು ಅದನ್ನು ಕಲಿಸಲಿ. ಪರೀಕ್ಷೆಗೆ ಮಾತ್ರ ಅಚ್ಚುಕಟ್ಟಾದ ವೃಕ್ಷವನ್ನಲ್ಲ, ಕೊಂಡಿಗಳೂ ಕನ್ನಡ ಹೆಸರುಗಳೂ ಓದಲು ಅನುಮತಿಯಿಲ್ಲದ ಡೈರೆಕ್ಟರಿಯೂ ಇರುವ ವೃಕ್ಷವನ್ನು ಕೊಡಲಿ. ಫಂಕ್ಷನ್ ತನ್ನನ್ನು ಕರೆದುಕೊಳ್ಳುವುದು ಪಾಠದ ಅರ್ಧ. ಎಲ್ಲಿ ಹೋಗಬಾರದು, ಎಲ್ಲಿ ನಿಲ್ಲಬೇಕು ಎಂಬುದು ಉಳಿದರ್ಧ.