ಮಾತ್ರೆ ನಾಟುವವರೆಗೆ

ಮೈಕಲ್ ಜೆ. ಫಾಕ್ಸ್ ಬಗ್ಗೆ ಬಂದ 'ಸ್ಟಿಲ್' ಸಾಕ್ಷ್ಯಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಏನೂ ನಡೆಯದ ಒಂದು ಗಳಿಗೆ. ಕ್ಯಾಮೆರಾ ಓಡ್ತಾ ಇದೆ. ಫಾಕ್ಸ್ ಮಾತ್ರೆ ನುಂಗಿ ಆಗಿದೆ, ಆದರೆ ಅದಿನ್ನೂ ನಾಟಿಲ್ಲ. ನಾಟಲಿ ಅಂತ ಕಾಯ್ತಾ ಕೂತಿದ್ದಾರೆ. ಪಾರ್ಕಿನ್ಸನ್ ಇರುವ ಮನೆಯವರಿಗೆ ಈ ಕಾಯುವಿಕೆ ಚೆನ್ನಾಗಿ ಗೊತ್ತು. ಸಿನಿಮಾದಲ್ಲಿ ಇದನ್ನು ಹೀಗೆ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ಚಿತ್ರ ಬಂದದ್ದು 2023ರಲ್ಲಿ, ಆಪಲ್ ಟಿವಿ ಪ್ಲಸ್‌ನಲ್ಲಿ. ನಿರ್ದೇಶಕ ಡೇವಿಸ್ ಗುಗೆನ್‌ಹೈಮ್. 'ಬ್ಯಾಕ್ ಟು ದ ಫ್ಯೂಚರ್' ನೋಡಿದವರಿಗೆ ಫಾಕ್ಸ್ ಪರಿಚಯ ಮಾಡಿಕೊಡಬೇಕಾಗಿಲ್ಲ. 1991ರಲ್ಲಿ, 29ನೇ ವಯಸ್ಸಿಗೆ, ಪಾರ್ಕಿನ್ಸನ್ ಅಂತ ಗೊತ್ತಾಯಿತು. ಏಳು ವರ್ಷ ಮುಚ್ಚಿಟ್ಟು 1998ರಲ್ಲಿ ಜಗತ್ತಿಗೆ ಹೇಳಿದರು. ಕಥೆ ಇಷ್ಟೇ. ಹೇಳಿರುವ ರೀತಿ ಮಾತ್ರ ಹೊಸದು. ಫಾಕ್ಸ್ ನಟಿಸಿದ ಸಿನಿಮಾ, ಧಾರಾವಾಹಿಗಳ ತುಣುಕುಗಳನ್ನೇ ಜೋಡಿಸಿ ಅವರ ಬದುಕಿನ ಕಥೆ ಹೇಳಿಸಿದ್ದಾರೆ. ಹಗಲು 'ಫ್ಯಾಮಿಲಿ ಟೈಸ್', ರಾತ್ರಿ 'ಬ್ಯಾಕ್ ಟು ದ ಫ್ಯೂಚರ್' ಅಂತ ನಿದ್ದೆಗೆಟ್ಟು ದುಡಿದ ದಿನಗಳು ಹೀಗೆ ಕಣ್ಣಿಗೆ ಕಟ್ಟುತ್ತವೆ.

ಸಂಕಲನಕಾರ ಮೈಕಲ್ ಹಾರ್ಟ್ ಅವರ ಕೈಚಳಕ ನೋಡಬೇಕಾದರೆ ಎಡಗೈಯ ಭಾಗ ನೋಡಿ. ಕಾಯಿಲೆ ಶುರುವಾದದ್ದು ಎಡಗೈಯ ಕಿರುಬೆರಳಿನಿಂದ. ಅಲ್ಲಿಂದಾಚೆಗಿನ ಪಾತ್ರಗಳಲ್ಲೆಲ್ಲ ಆ ಕೈ ಸುಮ್ಮನೆ ಇರುವುದೇ ಇಲ್ಲ. ಏನನ್ನಾದರೂ ಹಿಡಿದಿರುತ್ತದೆ, ತಿರುಗಿಸುತ್ತಿರುತ್ತದೆ. ಆಗ ನೋಡಿದವರಿಗೆ ಅದು ಲವಲವಿಕೆ. ಈಗ ತುಣುಕಿನ ಹಿಂದೆ ತುಣುಕು ಬಂದಾಗ ಗೊತ್ತಾಗುತ್ತದೆ, ಅದು ಅಡಗಿಸುವ ಕೆಲಸ ಅಂತ. ಮಾತ್ರೆ ಯಾವಾಗ ನಾಟುತ್ತೆ, ಯಾವಾಗ ಇಳಿಯುತ್ತೆ ಅಂತ ಲೆಕ್ಕ ಹಾಕಿ ಕ್ಯಾಮೆರಾ ಮುಂದೆ ಬಂದು ನಿಂತ ಮನುಷ್ಯ ಇವರು.

ಈ ಲೆಕ್ಕವೇ ಈ ಕಾಯಿಲೆಯ ದಿನಚರಿ. ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಲೆವೊಡೋಪಾ ಎಂಬ ಔಷಧಿ ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ಮೊದಲ ಕೆಲವು ವರ್ಷ ದಿನವಿಡೀ ಹೇಗೋ ಸಾಗುತ್ತದೆ. ಆಮೇಲಾಮೇಲೆ ಒಂದೊಂದು ಮಾತ್ರೆ ಕೆಲವೇ ಗಂಟೆ. ನಾಟಿದಾಗ 'ಆನ್', ಇಳಿದಾಗ 'ಆಫ್'. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಮೈ ತಾನಾಗಿ ಹೊಯ್ದಾಡುವುದೂ ಉಂಟು, ಅದಕ್ಕೆ ಡಿಸ್ಕಿನೀಸಿಯಾ ಅಂತಾರೆ. ಫಾಕ್ಸ್ ಮೈ ತೂಗುವುದನ್ನು ಕಂಡು ನಾವು ಪಾರ್ಕಿನ್ಸನ್ ಅಂದುಕೊಳ್ಳುತ್ತೇವಲ್ಲ, ಅದರಲ್ಲಿ ಬಹುಪಾಲು ಔಷಧಿಯದ್ದೇ ಕೆಲಸ. 2006ರಲ್ಲಿ ಅವರು ಚುನಾವಣಾ ಜಾಹೀರಾತೊಂದರಲ್ಲಿ ಕಾಣಿಸಿಕೊಂಡಾಗ ರಶ್ ಲಿಂಬಾ ಎಂಬ ರೇಡಿಯೋ ನಿರೂಪಕ, ಈತ ಮಾತ್ರೆ ಬಿಟ್ಟು ಬಂದಿದ್ದಾನೆ, ಇಲ್ಲವೇ ನಾಟಕ ಆಡ್ತಿದ್ದಾನೆ ಅಂತ ಗೇಲಿ ಮಾಡಿದ್ದ. ವಿಷಯ ಅದಕ್ಕೆ ತದ್ವಿರುದ್ಧ. ಮಾತ್ರೆ ಬಿಟ್ಟಿದ್ದರೆ ಮೈ ಅಷ್ಟು ಆಡುತ್ತಲೇ ಇರಲಿಲ್ಲ. ಚಿತ್ರ ನೋಡಿದ ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರಿಗೂ ಈ ವ್ಯತ್ಯಾಸ ಹೊಳೆದಿರಲಿಲ್ಲ. ಅವರದ್ದೇನು ತಪ್ಪು? ಎರಡು ನಿಮಿಷ ಬಿಡಿಸಿ ಹೇಳಿದ್ದರೆ ಚಿತ್ರದ ಗಂಟೇನು ಹೋಗುತ್ತಿತ್ತು?

ಅವರಲ್ಲೊಬ್ಬ ಕೇಳಿದ, "ನಿಮ್ಮಪ್ಪಂಗೆ ನಡುಕವೇ ಇಲ್ವಲ್ಲ ಮಗಾ, ಅದ್ಹೆಂಗೆ ಪಾರ್ಕಿನ್ಸನ್?"

ನಮ್ಮಪ್ಪನಿಗೆ ನಡುಕ ಕಡಿಮೆ, ಬಿಗಿತ ಜಾಸ್ತಿ. ಎಲ್ಲರಿಗೂ ನಡುಕ ಬರಲೇಬೇಕೆಂದಿಲ್ಲ. ಅಪ್ಪನ ಮುಖದಲ್ಲಿ ನಗು ಮೂಡುವುದು ತಡ, ದನಿ ಸಣ್ಣದಾಗಿದೆ. ಹಾಲಿನ ಡೈರಿ ಪುಸ್ತಕದಲ್ಲಿ ಅಕ್ಷರ ಸಾಲಿನ ಕೊನೆಗೆ ಬರ್ತಾ ಬರ್ತಾ ಸಾಸಿವೆ ಕಾಳಾಗುತ್ತದೆ. ನಡುಮನೆಯಲ್ಲಿ ಸರಾಗವಾಗಿ ನಡೆದು ಬಂದವರು ಹೊಸಲಿನ ಹತ್ತಿರ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಬಾಗಿಲ ಮುಂದೆ ಅಮ್ಮ ಸುಣ್ಣದಲ್ಲಿ ಅಡ್ಡಗೆರೆ ಎಳೆದಿದ್ದಾಳೆ, ಅದನ್ನು ದಾಟು ಅಂದರೆ ದಾಟುತ್ತಾರೆ. ಫಿಸಿಯೋಥೆರಪಿಯವರು ಹೇಳಿಕೊಟ್ಟ ಉಪಾಯ. ನಾಲ್ಕು ಹೊತ್ತಿನ ಮಾತ್ರೆ ಅಮ್ಮನದೇ ಜವಾಬ್ದಾರಿ. ಬೇಳೆ, ಮೊಟ್ಟೆ, ಹಾಲಿನಂಥ ಪ್ರೋಟೀನ್ ಊಟದ ಜೊತೆ ನುಂಗಿದರೆ ಈ ಮಾತ್ರೆ ಸರಿಯಾಗಿ ಒಳಗೆ ಹೋಗುವುದಿಲ್ಲ. ಹಾಗಾಗಿ ಮಾತ್ರೆ ಮೊದಲು, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಮುದ್ದೆ ಸಾರು. ಮದುವೆ ಮನೆಯಲ್ಲಿ ಪಂಕ್ತಿ ತಡವಾದರೆ ಈ ಲೆಕ್ಕವೆಲ್ಲ ತಲೆಕೆಳಗು. ನಾನು ಫೋನಿನಲ್ಲಿ ಅಲಾರಂ ಇಟ್ಟುಕೊಟ್ಟೆ, ಅಮ್ಮ ಅದನ್ನು ಮುಟ್ಟಲಿಲ್ಲ. ಅವಳಿಗೆ ಬಸ್ಸುಗಳ ಹಾರನ್ನೇ ಅಲಾರಂ.

(ಊರಿನವರ ಸಲಹೆ ಇದ್ದೇ ಇರುತ್ತದೆ. ನಸುಗುನ್ನಿ ಬೀಜದ ಪುಡಿ ಕೊಡಿ ಅಂತ ಒಬ್ಬರು. ಬೇಲಿಯ ನಸುಗುನ್ನಿ ತಾಗಿ ಮೈಯೆಲ್ಲ ತುರಿಸಿಕೊಂಡವನು ನಾನು, ನಗು ಬಂತು. ಓದಿ ನೋಡಿದರೆ ಆ ಬೀಜದಲ್ಲಿರುವುದೂ ಇದೇ ಲೆವೊಡೋಪಾ! ಆದರೆ ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಅಂತ ಯಾರು ಅಳೆಯುತ್ತಾರೆ? ಡಾಕ್ಟರನ್ನು ಕೇಳದೆ ಮಾತ್ರೆ ಬದಲು ಅದನ್ನು ಕೊಡುವುದು ಬೇಡ.)

'ಸ್ಟಿಲ್' ಬಗ್ಗೆ ನನ್ನ ದೊಡ್ಡ ತಕರಾರು ಇರುವುದು ಇಲ್ಲಿ. ಈ ದಿನಚರಿಯನ್ನು ಅದು ಮುಟ್ಟುತ್ತದೆ, ನಿಲ್ಲುವುದಿಲ್ಲ. ಫಾಕ್ಸ್ ಅವರಿಗೆ ನಡಿಗೆ ಹೇಳಿಕೊಡುವವರಿದ್ದಾರೆ, ಜೊತೆಗೆ ಬರುವವರಿದ್ದಾರೆ. ಅವರೆಲ್ಲ ಬಂದು ಹೋಗುತ್ತಾರೆ. ಹೆಂಡತಿ ಟ್ರೇಸಿ ಪೋಲನ್ ಅವರ ಮುಖದಲ್ಲಿ ಇನ್ನೊಂದು ಸಿನಿಮಾಕ್ಕಾಗುವಷ್ಟು ಕಥೆ ಇದೆ, ಮಾತಿಗೆ ಮಾತ್ರ ಜಾಗ ಕಡಿಮೆ. ಔಷಧಿಗೆ, ಸಹಾಯಕರಿಗೆ ಎಷ್ಟು ಖರ್ಚಾಗುತ್ತೆ ಎಂಬ ಮಾತಂತೂ ಆ ಮನೆಯಲ್ಲಿ ಏಳುವುದೇ ಇಲ್ಲ. ಅದು ಅವರ ತಪ್ಪಲ್ಲ, ಆದರೆ ನೋಡುವವರಲ್ಲಿ ಹೆಚ್ಚಿನವರ ಮನೆ ಹಾಗಿರುವುದಿಲ್ಲ.

ಚಿತ್ರ ನೋಡಿದವರೆಲ್ಲ 'ಇನ್‌ಸ್ಪೈರಿಂಗ್' ಅಂದರು. ಆ ಪದ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಒಂದು ಕಡೆ ನಿರ್ದೇಶಕ, ನೋವು ಇದೆ ಅಂತ ನೀವು ಹೇಳಲೇ ಇಲ್ಲವಲ್ಲ ಅಂತ ಕೇಳುತ್ತಾರೆ. ಆ ಮಾತೇ ಬರಲಿಲ್ಲವಲ್ಲ ಎಂಬರ್ಥದ ಉತ್ತರ ಬರುತ್ತದೆ, ಆಮೇಲೆ ವಿಪರೀತ ನೋವಿದೆ ಅಂತ ಒಪ್ಪಿಕೊಳ್ಳುತ್ತಾರೆ. ಎಡಗೈಯಲ್ಲಿ ಪೆನ್ನು ತಿರುಗಿಸಿದ ಮನುಷ್ಯ ಈಗ ತಮಾಷೆಯನ್ನು ಹಾಗೆ ತಿರುಗಿಸುತ್ತಿದ್ದಾರೆ. ಅಡಗಿಸುವುದು ಇನ್ನೂ ನಿಂತಿಲ್ಲ. ಚಿತ್ರದ ನಿಜವಾದ ಸಾಧನೆ ಇದನ್ನು ಹಿಡಿದದ್ದು, ಸ್ಫೂರ್ತಿ ತುಂಬಿದ್ದಲ್ಲ.

ಬೀಳುವ ದೃಶ್ಯವೂ ಹಾಗೇ. ನ್ಯೂಯಾರ್ಕಿನ ಫುಟ್‌ಪಾತ್ ಮೇಲೆ ಹೆಂಗಸೊಬ್ಬಳು ನಮಸ್ಕಾರ ಹೇಳುತ್ತಾಳೆ. ಫಾಕ್ಸ್ ಅವಳತ್ತ ತಿರುಗಿ ಮುಗ್ಗರಿಸಿ ಬೀಳುತ್ತಾರೆ, ಎದ್ದು ನೀನೇ ನನ್ನನ್ನು ಬೀಳಿಸಿದೆ ಎಂಬರ್ಥದ ಜೋಕು ಹೊಡೆಯುತ್ತಾರೆ. ಜನ ಹಂಚಿಕೊಳ್ಳುವುದು ಆ ಜೋಕನ್ನು. ಎರಡನೇ ಸಲ ನೋಡುವಾಗ ನಾನು ಜೋಕು ಬಿಟ್ಟು ಅವರ ಪಕ್ಕದಲ್ಲಿ ನಡೆಯುತ್ತಿದ್ದ ಸಹಾಯಕನನ್ನೇ ನೋಡಿದೆ. ಆ ದಿನ ಮನೆ ಮುಟ್ಟುವವರೆಗೆ ಅವನ ಕೈ ಎಲ್ಲಿತ್ತು, ಕಣ್ಣು ಎಲ್ಲಿತ್ತು ಅಂತ ನನಗೆ ನೋಡಬೇಕಿತ್ತು.