ಬೆಲೆಪಟ್ಟಿಯಲ್ಲಿ ಇಲ್ಲದ ಸೌಲಭ್ಯಗಳು

2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅಂದಿನಿಂದ ಸಂಕೇಶ್ವರದ ಶಂಕರಲಿಂಗ ಗುಡಿಯ ಮುಂದೆ ಚೆಂಡುಹೂವಿನ ಹಾರ ಹಾಕಿಕೊಂಡು ನಿಂತ ಹೊಸ ಕಾರು ಕಣ್ಣಿಗೆ ಬೀಳದ ವಾರವಿಲ್ಲ. ಗಾಲಿಯಡಿ ಲಿಂಬೆಹಣ್ಣು ಒಡೆದು ಪೂಜೆ ಮುಗಿಯಿತೆಂದರೆ ಮುಂದಿನ ಪಯಣ ಶೃಂಗಾರದ ಅಂಗಡಿಗೆ. ಸೀಟಿಗೆ ದಪ್ಪ ಕವರು, ಕೆಳಗೆ ಬಣ್ಣದ ದೀಪ, ಬಂಪರಿಗೆ ಉಕ್ಕಿನ ಗಾರ್ಡು, ಹಿಂದಿನ ಗಾಜಿಗೆ ಮಕ್ಕಳ ಹೆಸರು. ಕಾರಿನ ಜೊತೆಗೇ ಬಂದ ಕೈಪಿಡಿ ಮಾತ್ರ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ಉಳಿಯುತ್ತದೆ.

ಹೊಸ ಕಾರು ಕೊಂಡವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಕಾರಿಗೆ ಏನನ್ನಾದರೂ ಸೇರಿಸುವ ಮೊದಲು ಅದರಲ್ಲಿ ಆಗಲೇ ಇರುವುದನ್ನು ಪೂರ್ತಿ ನೋಡಿ ಮುಗಿಸಿ. ದೊಡ್ಡ ಕಾರಿನಲ್ಲಿ ಬರೀ ತೋರಿಕೆಗೆಂದೇ ಕೂಡಿಸಿದ ಗುಂಡಿಗಳು ಬೇಕಾದಷ್ಟಿರಬಹುದು. ಚಿಕ್ಕ ಕಾರಿನ ಲೆಕ್ಕ ಬೇರೆ. ಅಲ್ಲಿ ಒಂದು ರೂಪಾಯಿಯ ಸ್ಕ್ರೂ ಕೂಡ ಲಕ್ಷಾಂತರ ಕಾರುಗಳಿಂದ ಗುಣಿಸಿದರೆ ಲಕ್ಷಾಂತರ ರೂಪಾಯಿ. ತೆಗೆಯಬಹುದಾದದ್ದನ್ನೆಲ್ಲ ಎಂಜಿನಿಯರುಗಳು ತೆಗೆದೇ ತೆಗೆದಿರುತ್ತಾರೆ. ಅಷ್ಟರ ಮೇಲೂ ಒಂದು ತಿರುಗಣೆ, ಒಂದು ಮೊಳೆ, ಒಂದು ಗುರುತು ಅಲ್ಲಿ ಉಳಿದಿದೆ ಎಂದರೆ ಅದಕ್ಕೆ ಗಟ್ಟಿಯಾದ ಕಾರಣ ಇದ್ದೇ ಇರುತ್ತದೆ. ಆ ಕಾರಣ ಹುಡುಕುತ್ತ ಹೋಗುವುದೇ ಚಿಕ್ಕ ಕಾರು ಇಟ್ಟುಕೊಂಡವರ ದೊಡ್ಡ ಸುಖ.

ನಮ್ಮ ಮನೆಗೆ ಈಚೆಗೆ ಬಂದದ್ದು ವ್ಯಾಗನ್‌ಆರ್. ಅದರ ಎತ್ತರದಿಂದಲೇ ಶುರು ಮಾಡೋಣ. 3,655 ಮಿಲಿಮೀಟರ್ ಉದ್ದದ ಕಾರಿಗೆ 1,675 ಮಿಲಿಮೀಟರ್ ಎತ್ತರ ಯಾಕೆ ಎಂದು ನೋಡಿದವರೆಲ್ಲ ಕೇಳುತ್ತಾರೆ. ಈ ಹೆಸರಿನ ಮೊದಲ ಕಾರು ಹುಟ್ಟಿದ್ದು ಜಪಾನಿನಲ್ಲಿ, 1993ರಲ್ಲಿ. ಅಲ್ಲಿ ‘ಕೇ’ ಎಂಬ ಪುಟ್ಟ ಕಾರುಗಳ ವರ್ಗವಿದೆ. ಅದಕ್ಕೆ ತೆರಿಗೆ ಕಡಿಮೆ, ಅಳತೆಯ ಕಟ್ಟುಪಾಡು ಬಿಗಿ. ಆಗಿನ ನಿಯಮದಂತೆ ಉದ್ದ 3.3 ಮೀಟರ್, ಅಗಲ 1.4 ಮೀಟರ್, ಎಂಜಿನ್ 660 ಸಿಸಿ ದಾಟುವಂತಿರಲಿಲ್ಲ. ಎತ್ತರಕ್ಕೆ ಮಾತ್ರ 2 ಮೀಟರಿನವರೆಗೆ ಸಡಿಲಿಕೆ ಇತ್ತು. ಅಡ್ಡಕ್ಕೆ ಬೆಳೆಯಲಾಗದ ಕಾರು ಮೇಲಕ್ಕೆ ಬೆಳೆಯಿತು. 1999ರ ಕೊನೆಯಲ್ಲಿ ಅದು ಭಾರತಕ್ಕೆ ಬಂದಾಗ ಇಲ್ಲಿ ಕೇ ನಿಯಮ ಇರಲಿಲ್ಲ. ಆದರೆ ನಮ್ಮ ಭಾಗದ ಹಿರಿಯರಿಗೆ ಆ ಎತ್ತರ ಹೇಳಿ ಮಾಡಿಸಿದಂತಾಯಿತು. ತಲೆಗೆ ಪಟಕಾ ಸುತ್ತಿದ ಅಜ್ಜ ತಲೆ ಬಗ್ಗಿಸದೆ ಒಳಗೆ ಕೂಡುತ್ತಾನೆ. ಮೊಣಕಾಲು ನೋವಿನ ಅಜ್ಜಿ ಕೆಳಗೆ ಕುಸಿಯಬೇಕಿಲ್ಲ, ಮೇಲೆ ಹತ್ತಬೇಕಿಲ್ಲ. ಸೀಟು ಸರಿಯಾಗಿ ಅವರ ಸೊಂಟದ ಮಟ್ಟಕ್ಕೇ ಇರುತ್ತದೆ. ಜಪಾನಿನ ತೆರಿಗೆ ನಿಯಮ ಹುಕ್ಕೇರಿ ತಾಲ್ಲೂಕಿನ ಅಜ್ಜಿಯ ಮೊಣಕಾಲಿಗೆ ಅನುಕೂಲವಾಗಿ ಬಂದದ್ದು ಹೀಗೆ.

ಹೊಸಬರನ್ನು ಹೆದರಿಸುವ ಇನ್ನೊಂದು ಸಂಗತಿ ನಡುಕ. ಕಾರು ನಿಂತಲ್ಲೇ ಚಾಲೂ ಇದ್ದಾಗ ಗೇರಿನ ಕೋಲು ಸಣ್ಣಗೆ ಅದುರುತ್ತದೆ, ಸೀಟಿಗೂ ಅದು ತಾಗುತ್ತದೆ. ಅದು ಕೆಟ್ಟ ಎಂಜಿನ್ನಿನ ಲಕ್ಷಣ ಅಲ್ಲ. 998 ಸಿಸಿಯ ಈ ಎಂಜಿನ್ನಿಗೆ ಮೂರೇ ಸಿಲಿಂಡರ್. ಮೊದಲನೆಯದೂ ಮೂರನೆಯದೂ ಒಂದು ಇನ್ನೊಂದರ ತೂಗಾಟವನ್ನು ಪೂರ್ತಿ ಅಳಿಸಲಾರವು, ಹಾಗಾಗಿ ಎಂಜಿನ್ ಈ ತುದಿಯಿಂದ ಆ ತುದಿಗೆ ಸ್ವಲ್ಪ ತೂಗುತ್ತದೆ. ವೇಗ ಹಿಡಿದ ಮೇಲೆ ಅದು ಅರಿವಿಗೇ ಬರುವುದಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ 796 ಸಿಸಿ ಎಂಜಿನ್ನಿಗೂ ಮೂರೇ ಸಿಲಿಂಡರ್ ಇತ್ತು. ಒಂದು ಸಿಲಿಂಡರ್ ಕಡಿಮೆಯಾದರೆ ಸವೆಯುವ ಭಾಗಗಳೂ ಕಡಿಮೆ, ತೂಕವೂ ಕಡಿಮೆ, ಒಳಗಿನ ತಿಕ್ಕಾಟದಲ್ಲಿ ಪೋಲಾಗುವ ಪೆಟ್ರೋಲೂ ಕಡಿಮೆ. ನಡುಕ ಆ ಉಳಿತಾಯಕ್ಕೆ ತೆರುವ ಬೆಲೆ.

ಗಡಹಿಂಗ್ಲಜ್ ರಸ್ತೆಯಲ್ಲಿ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು ನಿಂತಾಗ ಈಗಿನ ಕಾರು ಇನ್ನೊಂದು ಆಟ ತೋರಿಸುತ್ತದೆ. ನ್ಯೂಟ್ರಲ್ಲಿಗೆ ಹಾಕಿ ಕ್ಲಚ್ಚಿನಿಂದ ಕಾಲು ತೆಗೆದರೆ ಎಂಜಿನ್ ತಾನೇ ಬಂದಾಗುತ್ತದೆ, ಕ್ಲಚ್ ಒತ್ತಿದ ತಕ್ಷಣ ತಾನೇ ಚಾಲೂ ಆಗುತ್ತದೆ. ನಿಂತ ನಿಲುವಿನಲ್ಲಿ ಪೆಟ್ರೋಲ್ ಸುಡದಿರಲಿ ಎಂಬ ಏರ್ಪಾಡು ಇದು. ಬ್ಯಾಟರಿಯ ಚಾರ್ಜ್ ಸಾಲದಿದ್ದಾಗ ಅದು ಎಂಜಿನ್ ನಿಲ್ಲಿಸುವುದಿಲ್ಲ. ಬೇಡವೆನ್ನುವವರಿಗೆ ಡ್ಯಾಶ್‌ಬೋರ್ಡಿನಲ್ಲೇ ಗುಂಡಿ ಇದೆ.

ನನ್ನ ಮಟ್ಟಿಗೆ ಇಡೀ ಕಾರಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಸ್ಟೀಯರಿಂಗಿನ ಪಕ್ಕದಲ್ಲಿರುವ ಒಂದು ಚಿಕ್ಕ ತಿರುಗಣೆ. ಅದರ ಮೇಲೆ ದೀಪದ ಚಿತ್ರ, ಪಕ್ಕದಲ್ಲಿ ಸೊನ್ನೆಯಿಂದ ಏರುವ ಅಂಕಿಗಳು. ಎಷ್ಟೋ ಮಂದಿ ಕಾರು ಮಾರುವ ದಿನದವರೆಗೂ ಅದನ್ನು ಮುಟ್ಟಿರುವುದಿಲ್ಲ. ರಾತ್ರಿ ಒಂದು ಗೋಡೆಯ ಎದುರು ನಾಲ್ಕೈದು ಮಾರು ದೂರದಲ್ಲಿ ಕಾರು ನಿಲ್ಲಿಸಿ, ಲೋ ಬೀಮ್ ಹಾಕಿ, ಆ ತಿರುಗಣೆಯನ್ನು ಮೆಲ್ಲಗೆ ತಿರುಗಿಸಿ ನೋಡಿ. ಹೆಡ್‌ಲೈಟಿನ ಹಿಂದೆ ಪುಟ್ಟ ಮೋಟರು ‘ಜುಂಯ್’ ಎನ್ನುತ್ತದೆ. ಗೋಡೆಯ ಮೇಲಿನ ಬೆಳಕಿನ ಅಂಚು ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತದೆ. ಅಂಕಿ ಏರಿದಷ್ಟೂ ಬೆಳಕು ಇಳಿಯುತ್ತದೆ.

ಇದರ ಕಾರಣ ಡಿಕ್ಕಿಯಲ್ಲಿದೆ. ಸವದತ್ತಿ ಯಲ್ಲಮ್ಮನಿಗೆ ಹೊರಟಾಗ ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಬುತ್ತಿ, ಹಾಸಿಗೆ, ನೀರಿನ ಕ್ಯಾನು. ಹಿಂಭಾಗ ಕುಸಿದಂತೆಲ್ಲ ಮೂತಿ ಮೇಲೇಳುತ್ತದೆ, ಮೂತಿಯ ಜೊತೆಗೆ ದೀಪಗಳೂ ಮೇಲೇಳುತ್ತವೆ. ಆಗ ಲೋ ಬೀಮ್ ಕೂಡ ಎದುರಿನ ಬೈಕಿನವನ ಕಣ್ಣಿಗೇ ಹೊಡೆಯುತ್ತದೆ. ನಮ್ಮ ರಸ್ತೆಗಳಲ್ಲಿ ಹಿಂದಿನ ದೀಪವಿಲ್ಲದ ಕಬ್ಬಿನ ಟ್ರೇಲರ್ ನಿಂತಿರುತ್ತದೆ, ಎತ್ತಿನ ಗಾಡಿ ಹೋಗುತ್ತಿರುತ್ತದೆ, ಜನ ನಡೆದು ಹೋಗುತ್ತಿರುತ್ತಾರೆ. ಕಣ್ಣು ಕೋರೈಸಿದ ಬೈಕಿನವನಿಗೆ ಇವು ಯಾವುವೂ ಕಾಣುವುದಿಲ್ಲ. ನಾಲ್ಕು ಮಂದಿ ಹತ್ತಿದಾಗ ಆ ತಿರುಗಣೆಯನ್ನು ಒಂದೆರಡು ಅಂಕಿ ಸರಿಸುವುದು ಎದುರಿಗೆ ಬರುವ ಅಪರಿಚಿತನ ಜೀವಕ್ಕೆ ನಾವು ಕೊಡುವ ಮರ್ಯಾದೆ. ಇಷ್ಟು ಅಗ್ಗದ ಕಾರಿನಲ್ಲೂ ಅದನ್ನು ಬಿಟ್ಟಿಲ್ಲ ಎಂಬುದೇ ಅದರ ಮಹತ್ವ ಹೇಳುತ್ತದೆ.

ಪೆಟ್ರೋಲ್ ಮುಳ್ಳಿನ ಹತ್ತಿರ ಪಂಪಿನ ಚಿತ್ರವಿದೆ. ಅದರ ಪಕ್ಕದ ಪುಟ್ಟ ಬಾಣ ಟ್ಯಾಂಕಿನ ಮುಚ್ಚಳ ಯಾವ ಕಡೆಗಿದೆ ಎಂದು ತೋರಿಸುತ್ತದೆ. ಫೋರ್ಡ್ ಕಂಪನಿಯ ಉದ್ಯೋಗಿ ಜಿಮ್ ಮೊಯ್ಲನ್ 1986ರಲ್ಲಿ ಮಳೆಯಲ್ಲಿ ನೆನೆಯುತ್ತ ಪಂಪಿನ ತಪ್ಪು ಬದಿಗೆ ಕಾರು ನಿಲ್ಲಿಸಿದವರು, ಅದಕ್ಕೆ ಪರಿಹಾರವಾಗಿ ಈ ಬಾಣವನ್ನು ಬರೆದು ಮೇಲಿನವರಿಗೆ ಕಳಿಸಿದರು. 1989ರ ಫೋರ್ಡ್ ಕಾರುಗಳಲ್ಲಿ ಅದು ಬಂತು, ಈಗ ಲೋಕದ ತುಂಬ ಇದೆ. ಅದೇ ಮುಚ್ಚಳದ ಬಳಿ ‘ಇ20’ ಎಂಬ ಚೀಟಿಯನ್ನೂ ಓದಿ. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು ಈ ಎಂಜಿನ್ ಮತ್ತು ಅದರ ರಬ್ಬರ್ ಕೊಳವೆಗಳು ತಾಳುತ್ತವೆ ಎಂದು ಅದರ ಅರ್ಥ. ಆ ಎಥೆನಾಲಿನಲ್ಲಿ ನಮ್ಮ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವ ಕಬ್ಬಿನ ಪಾಲೂ ಇದೆ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಆದ್ದರಿಂದ ಮೈಲೇಜು ತುಸು ಇಳಿದರೆ ಗಾಬರಿಯಾಗಬೇಕಿಲ್ಲ.

ಸಂಕೇಶ್ವರದಿಂದ ಆಜರಾ ದಾಟಿ ಆಂಬೋಲಿ ಘಾಟಿಗೆ ಹೋಗುವ ದಾರಿ ನಮ್ಮ ಹಿರಣ್ಯಕೇಶಿ ನದಿಯ ಹುಟ್ಟಿನ ಕಡೆಗೇ ಹೋಗುವ ದಾರಿ. ಮಳೆಗಾಲದಲ್ಲಿ ಅಲ್ಲಿ ಮಂಜು ಕವಿದಾಗ ಮುಂದಿನ ಗಾಜು ಒಳಗಿನಿಂದ ಬೆಳ್ಳಗಾಗುತ್ತದೆ. ಬಹಳಷ್ಟು ಮಂದಿ ಕರ್ಚೀಫಿನಿಂದ ಒರೆಸುತ್ತ ಓಡಿಸುತ್ತಾರೆ. ಗಾಜಿಗೆ ಹತ್ತುವುದು ಒಳಗೆ ಕೂತವರ ಉಸಿರಿನ ತೇವ. ಒಳಗಿನ ಹವಾವನ್ನೇ ಮತ್ತೆ ಮತ್ತೆ ತಿರುಗಿಸುವ ಗುಂಡಿಯನ್ನು ಬಂದ್ ಮಾಡಿ ಹೊರಗಿನ ಹವಾ ಬರಲು ಬಿಡಿ. ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ ಎಸಿ ಹಾಕಿ. ಚಳಿಯಲ್ಲೂ ಎಸಿ ಯಾಕೆ ಎನ್ನುವವರಿಗೆ ಉತ್ತರ: ಎಸಿ ಹವಾವನ್ನು ತಂಪು ಮಾಡುವುದಷ್ಟೇ ಅಲ್ಲ, ಒಣಗಿಸುತ್ತದೆ ಕೂಡ. ಹಾಗೆ ಹಿಂಡಿ ತೆಗೆದ ನೀರೇ ಕಾರು ನಿಂತಾಗ ಕೆಳಗೆ ತೊಟ್ಟಿಕ್ಕುತ್ತದೆ. ನೆಲದ ಮೇಲೆ ನೀರು ಕಂಡು ಗ್ಯಾರೇಜಿಗೆ ಓಡಬೇಡಿ. ಬೆರಳಿಗೆ ಹಚ್ಚಿ ನೋಡಿ. ಬಣ್ಣ, ವಾಸನೆ, ಜಿಡ್ಡು ಇಲ್ಲದಿದ್ದರೆ ಅದು ಬರೀ ನೀರು.

ಮೊನ್ನೆ ಪಕ್ಕದ ಮನೆಯ ಹುಡುಗ ಬಂದು, “ಸರ, ಹೊಸಾ ಗಾಡಿ ಐತಿ, ಹಿಂದಿನ ಬಾಗಲಾ ಒಳಗಿಂದ ತೆರೀವಲ್ದರಿ. ಹೊರಗಿಂದ ತೆರೀತೈತಿ. ಲಾಕ್ ಕೆಟ್ಟೈತಿ ಏನ್ರಿ?” ಎಂದ.

“ಬಾಗಲಾ ಪೂರ್ತಿ ತೆಗದು ಅದರ ಅಂಚಿನ್ಯಾಗ ನೋಡಪಾ, ಲಾಕಿನ ಬಾಜೂಕ ಒಂದ್ ಸಣ್ಣ ಕಡ್ಡಿ ಐತಿ. ಅದನ್ನ ಆ ಕಡೆ ಸರಸು.”

ಸರಿಸಿದ, ಬಾಗಿಲು ತೆರೆಯಿತು. ಓಡುವ ಕಾರಿನಲ್ಲಿ ಮಕ್ಕಳು ಹಿಡಿಕೆ ಎಳೆಯದಿರಲಿ ಎಂದು ಇಟ್ಟ ಚೈಲ್ಡ್ ಲಾಕ್ ಅದು. ಕಾರು ತೊಳೆಯುವಾಗ ಯಾರದೋ ಕೈ ತಾಗಿ ಸರಿದಿತ್ತು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅದು ಹಾಕಿಯೇ ಇರಲಿ, ಹಿರಿಯರು ಹಿಂದೆ ಕೂಡುವ ದಿನ ತೆಗೆದಿರಲಿ.

ಅದೇ ಹುಡುಗನನ್ನು ಡ್ರೈವರ್ ಬಾಗಿಲಿನ ಕಂಬದ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಮುಂದಿನ ಗಾಲಿಗೆ ಎಷ್ಟು ಹವಾ, ಹಿಂದಿನದಕ್ಕೆ ಎಷ್ಟು, ತುಂಬ ಮಂದಿ ಹತ್ತಿದಾಗ ಎಷ್ಟು ಎಂದು ಅದರಲ್ಲಿ ಬರೆದಿದೆ. ಪಂಕ್ಚರ್ ಅಂಗಡಿಯವನ ಅಂದಾಜಿಗಿಂತ ಆ ಚೀಟಿ ದೊಡ್ಡದು. ಗಾಲಿ ತಣ್ಣಗಿರುವಾಗಲೇ ಅಳೆಯಬೇಕು. ಟೈರಿನ ಬದಿಯಲ್ಲಿ ಬರೆದ 165/70 ಆರ್14 ಎಂದರೆ ಅಗಲ 165 ಮಿಲಿಮೀಟರ್, ಬದಿಯ ಎತ್ತರ ಅಗಲದ ಶೇ 70, ಒಳಗಿನ ರಿಮ್ 14 ಇಂಚು. ಇನ್ನೊಂದು ಕಡೆ ಉದ್ದನೆಯ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 3525 ಎಂದಿದ್ದರೆ 2025ರ 35ನೇ ವಾರ ತಯಾರಾದ ಟೈರು. ತೋಡುಗಳ ತಳದಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿವೆ, ಅವುಗಳ ಎತ್ತರ 1.6 ಮಿಲಿಮೀಟರ್. ಟೈರು ಸವೆದು ಅವುಗಳ ಮಟ್ಟಕ್ಕೆ ಬಂದ ದಿನ ಅದರ ಆಯುಷ್ಯ ಮುಗಿಯಿತು. ಹುಡುಗ ಸ್ಟೆಪ್ನಿಯ ಅಂಕಿಯನ್ನೂ ಓದುತ್ತೇನೆಂದು ಡಿಕ್ಕಿ ತೆರೆದ. ಓದಲೇಬೇಕಾದದ್ದೇ ಅದು. ವರ್ಷಗಟ್ಟಲೆ ಯಾರೂ ನೋಡದ ಗಾಲಿ ಹತ್ತರಗಿ ಟೋಲಿನ ಹತ್ತಿರ ಬೇಕಾದ ದಿನ ಹವಾ ಇಲ್ಲದೆ ಮಲಗಿರಬಾರದು.

ಪುಣೆ–ಬೆಂಗಳೂರು ಹೆದ್ದಾರಿಗೆ ಇಳಿದರೆ 80 ಕಿಲೋಮೀಟರ್ ವೇಗ ದಾಟಿದಾಗ ಕಾರು ಆಗಾಗ ಟಣ್ ಎನ್ನುತ್ತದೆ, 120 ದಾಟಿದರೆ ನಿಲ್ಲಿಸುವುದೇ ಇಲ್ಲ. 2019ರ ಜುಲೈ 1ರಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ. ಸೀಟ್‌ಬೆಲ್ಟಿನ ಎಚ್ಚರಿಕೆ, ರಿವರ್ಸ್ ಸೆನ್ಸರ್ ಕೂಡ ಆಗಲೇ ಬಂದವು. ಕಿರಿಕಿರಿ ಎಂದು ವೈರ್ ಕತ್ತರಿಸಿಕೊಡಿ ಎನ್ನುವವರನ್ನೂ, ಬೆಲ್ಟಿನ ಬಾಯಿಗೆ ಖಾಲಿ ಕೊಂಡಿ ಸಿಕ್ಕಿಸುವವರನ್ನೂ ನೋಡಿದ್ದೇನೆ. ನಮ್ಮ ಹೆದ್ದಾರಿಯಲ್ಲಿ ಎಲ್ಲೆಂದರಲ್ಲಿ ಹಳ್ಳಿಯವರು ಅಡ್ಡ ದಾಟುತ್ತಾರೆ. ಸುಮಾರು 800 ಕಿಲೋ ತೂಕದ ಹಗುರ ಕಾರಿಗೆ ಆ ಸದ್ದು ಸರಿಯಾದ ಸಮಯಕ್ಕೆ ಹೇಳುವ ಬುದ್ಧಿಮಾತು.

ಇಲ್ಲದ ಸೌಲಭ್ಯವನ್ನು ಇದೆ ಎಂದು ನಂಬಿಸುವ ವಿಡಿಯೊಗಳೂ ಮೊಬೈಲಿನಲ್ಲಿ ಓಡಾಡುತ್ತವೆ. ಸೀಟಿನ ತಲೆದಿಂಬು ಕಿತ್ತು ಬರುವುದು ಗಾಜು ಒಡೆಯಲಿಕ್ಕೆ ಎಂಬುದು ಅವುಗಳಲ್ಲೊಂದು. ಅದಕ್ಕಾಗಿ ಅದನ್ನು ಮಾಡಿಲ್ಲ. ಹಿಂದಿನಿಂದ ಗುದ್ದಿದಾಗ ತಲೆ ಹಿಂದಕ್ಕೆ ಚಿಮ್ಮಿ ಕತ್ತಿನ ಮೂಳೆಗೆ ಪೆಟ್ಟಾಗದಂತೆ ತಡೆಯುವುದು ಅದರ ಕೆಲಸ. ಏರಿಸಿ ಇಳಿಸಲು ಬರುವಂಥದಾದರೆ ಅದರ ನಡುಭಾಗ ಕಿವಿಯ ಮಟ್ಟಕ್ಕಿರಬೇಕು. ಬಂಪರಿಗೆ ಹಾಕುವ ಉಕ್ಕಿನ ಗಾರ್ಡಿನದೂ ಇದೇ ಕಥೆ. ಮೂತಿ ಮಡಚಿಕೊಂಡು ಪೆಟ್ಟನ್ನು ತಾನೇ ನುಂಗಲಿ ಎಂದು ಕಾರು ಕಟ್ಟಿರುತ್ತಾರೆ. ಗಟ್ಟಿ ಗಾರ್ಡು ಆ ಪೆಟ್ಟನ್ನು ನೇರ ಒಳಗೆ ದಾಟಿಸುತ್ತದೆ, ಏರ್‌ಬ್ಯಾಗಿನ ಸೆನ್ಸರಿನ ಲೆಕ್ಕವನ್ನೂ ತಪ್ಪಿಸಬಲ್ಲದು. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ತೆಗೆಸುವಂತೆ ರಾಜ್ಯಗಳಿಗೆ ಬರೆಯಿತು. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಬಿಗಿಯಾದ ದಪ್ಪ ಕವರು ಹೊಲಿಸಿದರೂ ಅಷ್ಟೇ ಅಪಾಯ. ನಾವು ದುಡ್ಡು ಕೊಟ್ಟು ಹಾಕಿಸಿದ ಅಲಂಕಾರ, ಕಾರಿನ ದುಡ್ಡಿನಲ್ಲಿ ಆಗಲೇ ಸೇರಿ ಬಂದ ರಕ್ಷಣೆಯನ್ನು ಕಸಿದುಕೊಳ್ಳುತ್ತದೆ.

ಆದ್ದರಿಂದ ಮುಂದಿನ ವಾರ ಕಾರು ತರಲು ಹೋಗುವವರು ಶೋರೂಮಿನಲ್ಲಿ ಹಾರ ಹಾಕಿಸಿಕೊಂಡು ಫೋಟೊ ತೆಗೆಸಿಕೊಂಡ ಮೇಲೆ ಹೊರಟುಬಿಡಬೇಡಿ. ಅರ್ಧ ಗಂಟೆ ಕೇಳಿ ಪಡೆಯಿರಿ. ಜಾಕ್ ಎಲ್ಲಿದೆ, ಅದನ್ನು ಯಾವ ಜಾಗಕ್ಕೆ ಕೊಡಬೇಕು, ಫ್ಯೂಸಿನ ಡಬ್ಬಿ ಎಲ್ಲಿದೆ, ದೀಪದ ತಿರುಗಣೆ ಯಾವುದು, ಬಾನೆಟ್ ತೆರೆಯುವುದು ಹೇಗೆ ಎಂದು ಒಂದೊಂದನ್ನೂ ನಿಮ್ಮ ಕೈಯಿಂದಲೇ ಮಾಡಿಸಿಕೊಂಡು ನೋಡಿ. ಮನೆಯ ಹೆಣ್ಣುಮಕ್ಕಳನ್ನೂ ಪಕ್ಕಕ್ಕೆ ನಿಲ್ಲಿಸಿಕೊಳ್ಳಿ, ಕಾರು ಅವರದೂ ಹೌದು. ಕೈಪಿಡಿಯನ್ನು ಮನೆಯ ಹೈಸ್ಕೂಲು ಮಕ್ಕಳ ಕೈಗೆ ಕೊಟ್ಟು ದಿನಕ್ಕೆರಡು ಪುಟ ಓದಿ ಹೇಳಲು ಹಚ್ಚಿ. ಒಂದು ಸಾವಿರ ಕಿಲೋಮೀಟರಿನ ಮೊದಲ ಸರ್ವೀಸಿಗೆ ಹೋಗುವಷ್ಟರಲ್ಲಿ ಪ್ರಶ್ನೆಗಳ ಒಂದು ಚೀಟಿ ನಿಮ್ಮ ಕಿಸೆಯಲ್ಲಿರಲಿ, ಒಂದೊಂದಕ್ಕೂ ಉತ್ತರ ಸಿಗದೆ ಅಲ್ಲಿಂದ ಏಳಬೇಡಿ. ಶೃಂಗಾರದ ಅಂಗಡಿ ಆಮೇಲೂ ಅಲ್ಲೇ ಇರುತ್ತದೆ.