ಸುಕುಮಾರಸ್ವಾಮಿಯ ಕಥೆಯಲ್ಲಿ ತಾಯಿಯ ಸ್ಥಾನ

‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯದು. ಶಾಂತಿನಾಥ ಕವಿಯು 1068ರ ಸುಮಾರಿಗೆ ಇದೇ ವಸ್ತುವನ್ನು ‘ಸುಕುಮಾರಚರಿತೆ’ಯೆಂಬ ಚಂಪೂಕಾವ್ಯವಾಗಿ ರಚಿಸಿದನು. ನರಿಯೂ ಅದರ ಮರಿಗಳೂ ದೇಹವನ್ನು ತಿನ್ನುತ್ತಿರಲು ಮೂರು ದಿನ ಅಚಲನಾಗಿ ಸಹಿಸಿದ ಧೀರತೆಯೇ ಕಥೆಯ ಸಾರವೆಂದು ಹೇಳುವುದು ರೂಢಿ. ಆದರೆ ಗೃಹಸ್ಥರಾದವರು ಈ ಕಥೆಯನ್ನು ತಾಯಿಯ ಕಡೆಯಿಂದಲೂ ಓದಬೇಕಾಗಿದೆ.

ಯಶೋಭದ್ರೆಯು ಉಜ್ಜಯಿನಿಯ ಸಿರಿವಂತ ವರ್ತಕನ ಹೆಂಡತಿ. ಮಗನ ಮುಖ ಕಂಡೊಡನೆ ಗಂಡನು ದೀಕ್ಷೆ ಪಡೆಯುವನು, ಋಷಿಗಳ ದರ್ಶನವಾದರೆ ಮಗನೂ ಹೊರಡುವನು ಎಂಬ ಭವಿಷ್ಯವನ್ನು ಆಕೆ ಕೇಳಿದ್ದಳು. ಮೊದಲನೆಯದು ನಡೆದುಹೋಯಿತು. ಎರಡನೆಯದನ್ನು ತಡೆಯಲು ಋಷಿಗಳು ಮನೆಯತ್ತ ಸುಳಿಯದಂತೆ ಮಾಡಿದಳು. ಪ್ರಾಸಾದಗಳನ್ನು ಕಟ್ಟಿಸಿ ಮೂವತ್ತೆರಡು ಕನ್ಯೆಯರನ್ನು ತಂದಳು. ಆದರೂ ಮುನಿಯೊಬ್ಬರು ಪಠಿಸುವ ಧ್ವನಿ ಮಗನ ಕಿವಿಗೆ ಬಿದ್ದಿತು. ಹಿಂದಿನ ಜನ್ಮಗಳು ನೆನಪಾದವು. ಗೋಡೆಯು ಕಾಲನ್ನು ತಡೆದೀತು, ಕಿವಿಯನ್ನಲ್ಲ.

ಕಥೆಗಾರನು ಭವಾವಳಿಗೆ ಕೊಟ್ಟಷ್ಟು ವಿಸ್ತಾರವನ್ನು ಈ ತಾಯಿಯ ದುಃಖಕ್ಕೆ ಕೊಟ್ಟಿಲ್ಲ, ಅದೊಂದು ಕೊರತೆಯೇ. ಆಕೆಯ ತಪ್ಪು ಮೋಹವಲ್ಲ. ಮಗನ ಮನಸ್ಸಿನಲ್ಲಿ ಏನಿದೆಯೆಂದು ಒಮ್ಮೆಯೂ ಕೇಳದಿದ್ದುದು. ಮಗನೂ ಅವಳಿಗೆ ಹೇಳದೆ ಇಳಿದು ಹೋದನು. ಮನೆಯ ಮೇಲಣ ದ್ವೇಷದಿಂದಲ್ಲ, ಆಯುಷ್ಯವು ಮೂರೇ ದಿನ ಉಳಿದಿದೆಯೆಂಬ ಅರಿವಿನಿಂದ.

ಇಲ್ಲಿ ವಿವೇಕ ಅಗತ್ಯ. ಕುಂದಕುಂದಾಚಾರ್ಯರ ‘ಪ್ರವಚನಸಾರ’ದ ಚಾರಿತ್ರಾಧಿಕಾರವು ದೀಕ್ಷಾರ್ಥಿಯು ಬಂಧುವರ್ಗವನ್ನು ಕೇಳಿಕೊಂಡು, ಹಿರಿಯರಿಂದಲೂ ಹೆಂಡಿರು ಮಕ್ಕಳಿಂದಲೂ ಬಿಡುಗಡೆ ಹೊಂದಿ ಗುರುವಿನ ಬಳಿಗೆ ಹೋಗಬೇಕೆಂದು ವಿಧಿಸುತ್ತದೆ. ಸುಕುಮಾರನದು ಅಪವಾದ; ಅಪವಾದವನ್ನೇ ನಿಯಮವೆಂದು ಬೋಧಿಸಬಾರದು.

ಹೂಲಿ, ಸವದತ್ತಿಗಳ ಸೀಮೆ ಬಸದಿಗಳಿಗೆ ದತ್ತಿ ಬಿಟ್ಟ ರಟ್ಟ ಅರಸರ ನಾಡು. ಇದೇ ಬೆಳಗಾವಿ ಜಿಲ್ಲೆಯಲ್ಲಿ ಎರಡು ಉಜ್ಜ್ವಲ ನಿದರ್ಶನಗಳಿವೆ. 1872ರಲ್ಲಿ ಜನಿಸಿದ ಭೋಜ ಗ್ರಾಮದ ಸಾತಗೌಡರು ಎಳೆಯ ವಯಸ್ಸಿನಲ್ಲೇ ವೈರಾಗ್ಯ ತಳೆದರೂ ತಂದೆತಾಯಿಗಳು ಇರುವವರೆಗೆ ಮನೆಯಲ್ಲಿಯೇ ಉಳಿದರು. 1920ರಲ್ಲಿ ಮುನಿದೀಕ್ಷೆ ಪಡೆದು ಆಚಾರ್ಯ ಶಾಂತಿಸಾಗರರಾದರು. 1946ರಲ್ಲಿ ಸದಲಗಾದಲ್ಲಿ ಜನಿಸಿದ ವಿದ್ಯಾಧರರು 1968ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಅಜ್ಮೇರಿನಲ್ಲಿ ಆಚಾರ್ಯ ಜ್ಞಾನಸಾಗರರಿಂದ ದೀಕ್ಷೆ ಪಡೆದು ವಿದ್ಯಾಸಾಗರರಾದರು; ಮುಂದೆ ತಂದೆ, ತಾಯಿ, ಒಡಹುಟ್ಟಿದವರೂ ಅದೇ ದಾರಿ ಹಿಡಿದರು. ಒಬ್ಬರು ಕಾದರು, ಇನ್ನೊಬ್ಬರು ಕಾಯಲಿಲ್ಲ. ಇಬ್ಬರ ವೈರಾಗ್ಯವೂ ನಿಜವೇ. ಆದ್ದರಿಂದ ವಯಸ್ಸೊಂದೇ ಒರೆಗಲ್ಲಲ್ಲ.

ಆದರೂ ಸಮಾಜಕ್ಕೆ ಒಂದು ಹೊಣೆಯಿದೆ. ದೀಕ್ಷಾರ್ಥಿಯ ಮೆರವಣಿಗೆಗೆ ಪಟ್ಟಿ ಎತ್ತುವ ಬಸದಿಯ ಪಂಚರು ಅದಕ್ಕೂ ಮೊದಲು ಆ ಮನೆಯ ಒಲೆಯ ಮುಂದೆ ಕುಳಿತು ತಾಯಿಯ ಮಾತನ್ನು ಕೇಳಬೇಕು. ಮಕ್ಕಳಿಗೆ ಶಾಸ್ತ್ರವನ್ನು ಮುಚ್ಚಿಡದೆ ಓದಿಸಬೇಕು. ಹೊರಟವನು ಯಾವುದರಿಂದ ಓಡುತ್ತಿದ್ದಾನೆ, ಯಾವುದರ ಕಡೆಗೆ ನಡೆಯುತ್ತಿದ್ದಾನೆ ಎಂಬುದನ್ನು ಸಾವಧಾನದಿಂದ ವಿಚಾರಿಸಬೇಕು. ಲಾಭನಷ್ಟವನ್ನು ನೋಡದೆ ವರ್ತಕನು ಸರಕಿಗೂ ಕೈಹಾಕುವುದಿಲ್ಲ. ಒಂದು ಜೀವದ ಮಹಾವ್ರತಕ್ಕೆ ಅಷ್ಟಾದರೂ ಎಚ್ಚರ ಬೇಡವೇ?